ಕಳೆ ಮೇಡಂ ಸಹಿ ಹಾಕಿದ್ದು

ನಗರದ ಉದ್ಯಾನ ಇಲಾಖೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಜವಾನನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವಳು ಕಳೆ ಮೇಡಂ. ಇಪ್ಪತ್ತೆರಡು ವರ್ಷಗಳ ಹಿಂದೆ ಅವಳೊಂದು ಪಟ್ಟಿ ತಯಾರಿಸಿದ್ದಳು. ಹೊರನಾಡಿನಿಂದ ಬಂದು ಇಲ್ಲಿ ಬೇರೂರಿದ, ಕಂಡಕೂಡಲೇ ಕಿತ್ತೊಗೆಯಬೇಕಾದ ಗಿಡಗಳ ಪಟ್ಟಿ. ಅದು ಹಸಿರು ರಟ್ಟಿನ ಪುಟ್ಟ ಪುಸ್ತಕವಾಗಿ ಅಚ್ಚಾಗಿ ನಗರದ ಪ್ರತಿ ಮಾಲಿಯ ಜೇಬು ಸೇರಿತು. ಆ ಪುಸ್ತಕದ ಬಗ್ಗೆ ಅವಳಿಗೆ ಎಷ್ಟು ಹೆಮ್ಮೆಯಿತ್ತೆಂದರೆ, ರಸ್ತೆ ಬದಿಯಲ್ಲಿ ಪಾರ್ಥೇನಿಯಂ ಕಂಡರೆ ಬಸ್ಸು ತಪ್ಪಿದರೂ ಸರಿ, ನಿಂತು ಕಿತ್ತು ಹಾಕಿಯೇ ಮುಂದೆ ಹೋಗುತ್ತಿದ್ದಳು. ಜನ ಮಾತ್ರ ಅವಳನ್ನು ಯಾವುದೋ ಅಂಗಡಿಯ ಮುಂದೆ ಕಸ ತೆಗೆಯುವವಳೆಂದುಕೊಂಡು ಇನ್ನೊಂದು ಮೂಲೆಯನ್ನೂ ತೋರಿಸುತ್ತಿದ್ದರು.

ಅವಳ ಕೋಣೆ ಇಲಾಖೆಯ ನೆಲಮಾಳಿಗೆಯಲ್ಲಿ, ಜನರೇಟರಿನ ಪಕ್ಕ. ಗೋಡೆಯುದ್ದಕ್ಕೂ ಕಬ್ಬಿಣದ ಬೀರುಗಳು, ಬೀರುಗಳ ತುಂಬ ಸುದ್ದಿಪತ್ರಿಕೆಯ ನಡುವೆ ಒತ್ತಿ ಒಣಗಿಸಿದ ಗಿಡಗಳು, ಎಲ್ಲದಕ್ಕೂ ನುಸಿಗುಳಿಗೆಯ ವಾಸನೆ. ಅದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ಗಾಜಿನ ಗೋಡೆಯ ಕೋಣೆಯಲ್ಲಿ ಅವಳ ತಮ್ಮ ಕೂರುತ್ತಿದ್ದ. ಅವನು ಇಲಾಖೆಯ ಮುಖ್ಯ ವಿನ್ಯಾಸಕಾರ. ನಗರದ ಯಾವ ಉದ್ಯಾನವೂ ಮೊದಲು ಅವನ ಮೇಜಿನ ಮೇಲೆ ಥರ್ಮಾಕೋಲಿನ ನೆಲ, ಸ್ಪಂಜಿನ ಮರಗಳಾಗಿ ಹುಟ್ಟಬೇಕು. ಲಿಫ್ಟಿನಲ್ಲಿ ಬೇರೆಯವರಿದ್ದರೆ ಅವಳು ಅವನನ್ನು "ಸರ್" ಎನ್ನುತ್ತಿದ್ದಳು, ಅವನು ತುಟಿ ಕಚ್ಚಿ ನಗು ತಡೆಯುತ್ತಿದ್ದ.

ತಾಯಿ ತೀರಿಕೊಂಡಾಗ ಅವನಿಗೆ ಆರು, ಅವಳಿಗೆ ಹದಿನೇಳು. ಅವನ ತಲೆ ಬಾಚಿದ್ದು, ಜ್ವರ ಬಂದಾಗ ಎದ್ದು ಕೂತಿದ್ದು, ಶಾಲೆಯಲ್ಲಿ ಪೋಷಕರ ಜಾಗದಲ್ಲಿ ಸಹಿ ಹಾಕಿದ್ದು ಎಲ್ಲ ಅವಳೇ. ಅವಳು ಓದನ್ನು ಪದವಿಗೇ ನಿಲ್ಲಿಸಿದಳು, ಅವನು ಹೊರಗೆ ಹೋಗಿ ನಗರ ಯೋಜನೆ ಓದಿ ಬಂದ. ಮದುವೆಯ ಮಾತು ಅವಳಿಗೆ ಬರಲಿಲ್ಲವೆಂದಲ್ಲ. ಬಂದಾಗಲೆಲ್ಲ ಅವನಿಗೆ ಯಾವುದೋ ಒಂದು ಪರೀಕ್ಷೆ ಇರುತ್ತಿತ್ತು.

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಅವಳಿಗೊಂದು ಆದೇಶ ಬಂತು. ನಗರದ ನಡುವೆಯೇ ಇದ್ದ ಹಳೆಯ ಬಟ್ಟೆ ಬಣ್ಣದ ಕಾರ್ಖಾನೆಯ ಹದಿನೆಂಟು ಎಕರೆ ಅಂಗಳವನ್ನು ಇಲಾಖೆ ವಶಕ್ಕೆ ತೆಗೆದುಕೊಂಡಿತ್ತು. ಅಲ್ಲಿ ದೊಡ್ಡ ಉದ್ಯಾನ ಬರಲಿತ್ತು. ಅದಕ್ಕೆ ಮೊದಲು ಅಲ್ಲಿ ಏನೇನು ಬೆಳೆದಿದೆಯೆಂದು ಆರು ವಾರದಲ್ಲಿ ಪಟ್ಟಿ ಮಾಡಿ ವರದಿ ಕೊಡಬೇಕು.

ಕಾರ್ಖಾನೆ ಮುಚ್ಚಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಅಲ್ಲಿದ್ದ ಒಬ್ಬನೇ ಮನುಷ್ಯ ಕಾವಲುಗಾರ. ಒಂದು ಕಾಲದಲ್ಲಿ ಅಲ್ಲೇ ಬಣ್ಣ ಕಲಸುವವನಾಗಿದ್ದ. ಸೊಂಟದಲ್ಲಿ ಮೂವತ್ತು ಕೀಲಿಗಳ ಗೊಂಚಲು. ಅದರಲ್ಲಿ ಇಪ್ಪತ್ತೊಂಬತ್ತು ಕೀಲಿಗಳ ಬಾಗಿಲುಗಳು ಬಿದ್ದುಹೋಗಿದ್ದವು. ಸುತ್ತಲಿನವರು ಅವನನ್ನು ಬೀಗದಣ್ಣ ಅನ್ನುತ್ತಿದ್ದರು. ಅವಳೂ ಹಾಗೇ ಕರೆದಳು.

"ಒಳಗೆ ಏನಿದೆ ಬೀಗದಣ್ಣ?"

"ನಿಮ್ಮ ಕಡೆಯವರು ಬಂದೋರೆಲ್ಲ ಏನಿಲ್ಲ ಅಂತ ಬರ್ಕೊಂಡು ಹೋದ್ರು. ನೀವು ಒಂದ್ಸಲ ನೋಡಿ, ಆಮೇಲೆ ಹೇಳಿ."

ಅವಳು ಹಸಿರು ಪುಸ್ತಕ ಹಿಡಿದೇ ಒಳಗೆ ಹೋದಳು. ಮೊದಲ ವಾರ ಅವಳಿಗೆ ಹಬ್ಬ. ಪುಸ್ತಕದಲ್ಲಿದ್ದ ಶತ್ರುಗಳೆಲ್ಲ ಅಲ್ಲಿ ಸಾಲಾಗಿ ನಿಂತಿದ್ದರು. ಲಂಟಾನ, ಸುಬಾಬುಲ್, ಹರಳು, ಗೋಡೆಗೆ ಹಬ್ಬಿದ, ಕನ್ನಡದಲ್ಲಿ ಹೆಸರಿಲ್ಲದ ಬಳ್ಳಿ, ಯಾವ ಹಡಗಿನ ಹುಲ್ಲುಮೂಟೆಯಲ್ಲಿ ಬಂತೋ ಗೊತ್ತಿಲ್ಲದ ನೇರಳೆ ಹೂವಿನ ಗಿಡ. ಅವಳು ಗುರುತು ಹಾಕುತ್ತ ಹೋದಳು.

ಎರಡನೇ ವಾರ ಪೆನ್ಸಿಲು ನಿಧಾನವಾಯಿತು. ಇಟ್ಟಿಗೆ ಚೂರು, ಬಾಯ್ಲರಿನ ಕಿಟ್ಟ, ಸುಣ್ಣ, ಬಣ್ಣದ ಕೆಸರು ತುಂಬಿದ ನೆಲ ಅದು. ಅಂಥ ಕಡೆ ಊರಿನ ಹಳೆ ಕಾಡಿನ ಒಂದು ಗಿಡವೂ ಬದುಕಲಾರದು. ಅಲ್ಲಿ ಮೊದಲು ಬಂದು ನಿಂತದ್ದು ಈ ಪರದೇಶಿಗಳೇ. ಅವು ಎಲೆ ಉದುರಿಸಿ ಉದುರಿಸಿ ಕಿಟ್ಟದ ಮೇಲೆ ಒಂದು ಗೇಣು ಕಪ್ಪು ಮಣ್ಣು ಕಟ್ಟಿದ್ದವು. ಆ ಮಣ್ಣಲ್ಲಿ, ಲಂಟಾನದ ಮುಳ್ಳಿನ ಮರೆಯಲ್ಲಿ, ಈ ನೆಲದ್ದೇ ಆದ ಮರಗಳ ಸಸಿಗಳು ತಲೆಯೆತ್ತಿದ್ದವು. ದನ ತಿನ್ನದಂತೆ, ಬಿಸಿಲು ಸುಡದಂತೆ ಅವನ್ನು ಕಾಯುತ್ತಿದ್ದದ್ದು ಅವಳ ಪುಸ್ತಕದ ಮೊದಲ ಪುಟದ ಶತ್ರು. ಬಣ್ಣದ ಹಳೆಯ ಹೊಂಡದಲ್ಲಿ ನೀರು ನಿಂತು ಜೊಂಡು ಬೆಳೆದಿತ್ತು. ಜೊಂಡಿನಲ್ಲಿ ಹಕ್ಕಿಗಳು ಮರಿ ಮಾಡಿದ್ದವು. ಸುಬಾಬುಲ್ ಹೂವಿಗೆ ಜೇನುಗಳು ಮುತ್ತಿದ್ದವು.

ಅದು ಕಾಡಲ್ಲ, ತೋಟವಲ್ಲ, ಹಾಳು ಬಿದ್ದ ಜಾಗವೂ ಅಲ್ಲ. ಎಲ್ಲೆಲ್ಲಿಂದಲೋ ಬಂದವು ಒಂದು ಕಡೆ ಸೇರಿ, ಒಂದಕ್ಕೊಂದು ಹೊಂದಿಕೊಂಡು, ಎಲ್ಲೂ ಇರದ ಒಂದು ಹೊಸ ಸಂಸಾರ ಹೂಡಿದ್ದವು. ಮಧ್ಯಾಹ್ನ ಹೊರಗಿನ ರಸ್ತೆಯಲ್ಲಿ ನಲವತ್ತೊಂದು ಡಿಗ್ರಿ ತೋರಿಸಿದ ಉಷ್ಣಮಾಪಕ ಹೊಂಡದ ಪಕ್ಕ ಮೂವತ್ತನಾಲ್ಕಕ್ಕೆ ಇಳಿಯಿತು. ಅವಳು ಅದನ್ನು ಕೊಡವಿ ಇನ್ನೊಮ್ಮೆ ನೋಡಿದಳು.

"ಕೆಟ್ಟೋಗಿಲ್ಲ ಬಿಡಿ," ಅಂದ ಬೀಗದಣ್ಣ, "ನಾನು ಬೇಸಿಗೇಲಿ ಮಂಚ ಇಲ್ಲೇ ಹಾಕ್ಕೊಳ್ಳೋದು."

"ಇಪ್ಪತ್ತೆರಡು ವರ್ಷದಿಂದ ಇವನ್ನೆಲ್ಲ ಕೀಳಿಸ್ತಾ ಇದ್ದೀನಿ ಬೀಗದಣ್ಣ."

"ಎಲ್ಲರೂ ಏನೋ ಒಂದು ಕೀಳ್ತಾರೆ ಮೇಡಂ. ಆದ್ರೆ ಇಲ್ಲಿ ಮಾತ್ರ ಅಗೀಬೇಡಿ. ಕೆಳಗಡೆ ಏನಿದೆ ಅಂತ ನನಗೆ ಗೊತ್ತು. ಸುರಿದೋನೇ ನಾನು."

ಅವನು ತನ್ನ ಅಂಗೈ ತೋರಿಸಿದ. ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಚರ್ಮದ ಮಡಿಕೆಗಳಲ್ಲಿ ನೀಲಿ ಹೋಗಿರಲಿಲ್ಲ. ಅವಳು ಮೂರು ಕಡೆ ಮಣ್ಣು ತೆಗೆದು ಪ್ರಯೋಗಾಲಯಕ್ಕೆ ಕಳಿಸಿದಳು. ಮೇಲಿನ ಗೇಣು ಮಣ್ಣು ಚೆನ್ನಾಗಿತ್ತು. ಒಂದು ಅಡಿ ಕೆಳಗೆ ಸೀಸ, ಕ್ರೋಮಿಯಂ, ಇನ್ನೂ ಏನೇನೋ. ಬೇರುಗಳ ಜಾಲವೇ ಅದನ್ನೆಲ್ಲ ಅಲ್ಲಿಗೇ ಹಿಡಿದು ನಿಲ್ಲಿಸಿತ್ತು.

ಅರವತ್ತೊಂದು ಪುಟದ ವರದಿ ಬರೆದಳು. ಒಟ್ಟು ನೂರ ಅರವತ್ತಮೂರು ಬಗೆಯ ಗಿಡಗಳು, ಅದರಲ್ಲಿ ನೂರನಾಲ್ಕು ಹೊರಗಿನವು. ಈ ಜಾಗವನ್ನು ಇದ್ದ ಹಾಗೇ ಬಿಟ್ಟು, ನಡುವೆ ನಡೆಯುವ ದಾರಿ ಮಾಡಿ, ಅಂಚಿನ ಎರಡು ಎಕರೆಯಲ್ಲಿ ಹೊಸ ಮಣ್ಣು ಹಾಕಿ ಮಕ್ಕಳಿಗೆ ಆಡಲು ಜಾಗ ಕೊಡಿ ಎಂದು ಸಲಹೆ ಮಾಡಿದಳು. ನಲವತ್ತಮೂರನೇ ಪುಟದಲ್ಲಿ, ಮಣ್ಣಿನ ಪರೀಕ್ಷೆಯ ಅಂಕಿಗಳ ಕೆಳಗೆ, ದಪ್ಪ ಅಕ್ಷರದಲ್ಲಿ ಹಾಕಿದಳು: ಒಂದು ಅಡಿಗಿಂತ ಕೆಳಗೆ ಎಲ್ಲಿಯೂ ಅಗೆಯಬಾರದು. ತನ್ನ ಹಸಿರು ಪುಸ್ತಕ ಇಂಥ ಜಾಗಗಳಿಗೆ ಹೊಂದುವುದಿಲ್ಲವೆಂದೂ ಒಂದು ಸಾಲು ಸೇರಿಸಿದಳು. ಆ ಒಂದು ಸಾಲಿಗೆ ಅವಳಿಗೆ ಎರಡು ದಿನ ಹಿಡಿಯಿತು.

ಮುಂದಿನ ಭಾನುವಾರ ಮಧ್ಯಾಹ್ನ ತಮ್ಮ ತನ್ನ ಮನೆಗೆ ಊಟಕ್ಕೆ ಕರೆದ. ಊಟವಾದ ಮೇಲೆ ಅವನ ಹೆಂಡತಿ ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಅವನು ಮೇಜಿನ ಮೇಲೆ ವರದಿ ಇಟ್ಟ.

"ಅಕ್ಕ, ನೀನು ಮೊದಲೇ ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?"

"ಏನಂತ?"

"ನಕ್ಷೆಗೆ ಒಪ್ಪಿಗೆ ಆಗಿದೆ. ಹುಲ್ಲುಹಾಸು, ಕಾರಂಜಿ, ಸೈಕಲ್ ದಾರಿ, ಎಲ್ಲ. ವರ್ಷದ ಕೊನೆಗೆ ಉದ್ಘಾಟನೆ. ನೀನೀಗ ಪೊದೆ ಬಿಡಿ ಅಂತ ಬರೆದಿದ್ದೀಯ. ಮೇಲಿನವರು ಏನಂತಾರೆ, ಅಕ್ಕ ತಮ್ಮ ಸೇರಿ ನಾಟಕ ಆಡ್ತಿದ್ದಾರೆ ಅನ್ನಲ್ವಾ?"

"ಅದು ಪೊದೆ ಅಲ್ಲ. ಒಂದು ದಿನ ನನ್ನ ಜೊತೆ ಬಂದು ನೋಡು."

"ನೂರಕ್ಕೆ ಅರವತ್ತನಾಲ್ಕು ಹೊರಗಿನ ಕಳೆ. ಕಳೆ ಅಂತ ಹೇಳಿದ್ದು ಯಾರು? ನಾನಲ್ಲ. ನಿನ್ನದೇ ಪಟ್ಟಿ."

ಅವನು ಕುರ್ಚಿ ಹತ್ತಿರ ಎಳೆದುಕೊಂಡ. ದನಿ ತಗ್ಗಿತು, ಅಂಕಪಟ್ಟಿಯಲ್ಲಿ ಕಡಿಮೆ ಅಂಕ ಬಂದಾಗ ಸಹಿಗೆ ಬರುತ್ತಿದ್ದ ದನಿಯೇ ಅದು.

"ನೋಡು, ವರದಿ ಸುಳ್ಳು ಮಾಡು ಅನ್ನಲ್ಲ. ಎರಡು ಪುಟದ ಸಾರಾಂಶ ಮಾಡಿಸಿದ್ದೀನಿ. ಬರೀ ಅಂಕಿ ಇದೆ, ಎಲ್ಲ ನಿನ್ನ ಅಂಕೀನೇ. ಅದಕ್ಕೆ ಸಹಿ ಹಾಕು. ಪೂರ್ತಿ ವರದಿ ಕಡತದಲ್ಲಿ ಇರುತ್ತೆ. ಹೊಂಡದ ಸುತ್ತ ಎರಡು ಎಕರೆ ಹಾಗೇ ಬಿಡ್ತೀನಿ, ಇಲ್ನೋಡು." ನಕ್ಷೆಯ ಮೇಲೆ ಪೆನ್ಸಿಲಿನಿಂದ ಒಂದು ಸುತ್ತು ಹಾಕಿದ.

"ಮತ್ತೆ ಅಗೆಯೋದು?"

"ಅಗೆಯಲ್ಲ. ಮೇಲೆ ಹೊಸ ಮಣ್ಣು ಹಾಕ್ತೀವಿ. ನನ್ನ ಮಾತು ನಂಬಲ್ವಾ?"

ಒಳಗಿನಿಂದ ಅವನ ಹೆಂಡತಿ, "ಇವರು ಈ ಸಲ ನಿರ್ದೇಶಕರಾಗಬೇಕು ಅತ್ತಿಗೆ, ನಿಮ್ಮ ಕೈಲೇ ಇದೆ," ಎಂದು ನಗುತ್ತ ಹೇಳಿದಳು. ಅವನು ಪೆನ್ನಿನ ಕ್ಯಾಪು ತೆಗೆದು ಕೊಟ್ಟ. ಅವಳು ಎರಡು ಪುಟ ಓದಿದಳು. ಒಂದೂ ಸುಳ್ಳಿರಲಿಲ್ಲ, ಮಣ್ಣಿನ ಮಾತೂ ಇರಲಿಲ್ಲ. ಸಹಿ ಹಾಕಿದಳು.

ತಿಂಗಳು ಕಳೆದು ಸಾರ್ವಜನಿಕರ ಸಭೆ ನಡೆಯಿತು. ಶಾಲೆಯೊಂದರ ಸಭಾಂಗಣ, ಮುನ್ನೂರು ಜನ. ವೇದಿಕೆಯ ಮೇಲೆ ನಿಂತ ತಮ್ಮ ಪರದೆಯ ಮೇಲೆ ಚಿತ್ರ ತೋರಿಸಿದ. ಎಡಕ್ಕೆ ಲಂಟಾನದ ಮುಳ್ಳು, ಬಲಕ್ಕೆ ಹುಲ್ಲಿನ ಮೇಲೆ ಓಡುವ ಮಕ್ಕಳು. "ಇದು ನನ್ನ ಮಾತಲ್ಲ, ಇಡೀ ನಗರಕ್ಕೆ ಕಳೆ ಯಾವುದು ಅಂತ ಹೇಳಿಕೊಟ್ಟ ತಜ್ಞರದ್ದು," ಎಂದು ಅಕ್ಕನ ಕಡೆ ಕೈ ತೋರಿಸಿದ. ಚಪ್ಪಾಳೆ ಬಿತ್ತು. ವೇದಿಕೆಯ ಕೊನೆಯ ಕುರ್ಚಿಯಲ್ಲಿ ಅವಳು ಕೈ ಮಡಿಚಿ ಕೂತಿದ್ದಳು.

ಜನರ ನಡುವಿನಿಂದ ಒಬ್ಬ ಹೆಂಗಸು ಎದ್ದಳು. ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿಯುವವಳು. ಪಕ್ಕದಲ್ಲಿ ನಾಲ್ಕು ವರ್ಷದ ಮಗಳು ಕುರ್ಚಿಯ ಮೇಲೆ ನಿಂತಿದ್ದಳು.

"ನಮ್ಮದು ಒಂದೇ ಕೋಣೆ ಮನೆ ಸಾರ್. ಮಗು ಹೊಲಿಗೆ ಮಿಷನ್ ಕೆಳಗೇ ಆಡ್ಕೊಳ್ಳುತ್ತೆ. ಹೊರಗೆ ಬಿಟ್ರೆ ರಸ್ತೆ. ನಮಗೆ ಜೋಕಾಲಿ ಬೇಕು, ಪಾರ್ಕ್ ಬೇಕು, ಬೇಗ ಮಾಡಿ. ಆದ್ರೆ ಒಂದು ಮಾತು. ಅದು ಬಣ್ಣದ ಫ್ಯಾಕ್ಟರಿ ಜಾಗ. ನಮ್ಮ ಮಾವ ಅಲ್ಲೇ ದುಡಿದು ಕೆಮ್ಮಿ ಕೆಮ್ಮಿ ಹೋದ್ರು. ಮಣ್ಣಿನಿಂದ ಮಕ್ಕಳಿಗೆ ಏನೂ ತೊಂದ್ರೆ ಇಲ್ಲ ತಾನೆ?"

ಅವನು ಅಕ್ಕನ ಮುಖ ನೋಡಿದ. ಮೈಕು ಅವಳ ಮುಂದೆ ಬಂತು. ಮುನ್ನೂರು ಜನ ತಿರುಗಿದರು. ಅಗೆಯಲ್ಲ ಅಂದಿದ್ದಾನಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೊಂಡದ ಸುತ್ತಲಿನ ಪೆನ್ಸಿಲಿನ ಗೆರೆ ನೆನಪಿಗೆ ಬಂತು.

"ಮೇಲಿನ ಮಣ್ಣು ಚೆನ್ನಾಗಿದೆ," ಅಂದಳು.

"ಅಷ್ಟು ಸಾಕು ಮೇಡಂ," ಎಂದು ಹೊಲಿಗೆಯವಳು ಕೈ ಮುಗಿದು ಕೂತಳು.

ಯಂತ್ರಗಳು ಬಂದವು. ಐದು ದಿನದಲ್ಲಿ ಹದಿನಾರು ಎಕರೆ ಬೋಳಾಯಿತು. ಹೊಂಡದ ಸುತ್ತಲಿನ ಎರಡು ಎಕರೆ ಆರನೇ ದಿನ ಹೋಯಿತು. ಕಾರಂಜಿಯ ಪಂಪಿನ ಕೋಣೆಗೆ ಅದೇ ತಗ್ಗು ಜಾಗ ಬೇಕಾಗಿತ್ತು. ಕಾರಂಜಿಯ ಕೊಳವೆಗಳಿಗೆ ಮೂರು ಅಡಿ ಆಳದ ಕಾಲುವೆ ತೋಡಿದರು. ಕಳೆ ಮೇಡಂ ಸುದ್ದಿ ಕೇಳಿ ಓಡಿ ಬಂದಾಗ ಕಾಲುವೆಯ ಎರಡೂ ಬದಿಗೆ ಮಣ್ಣಿನ ಗುಡ್ಡೆಗಳು ಬಿದ್ದಿದ್ದವು. ಕೆಲವು ನೀಲಿ, ಕೆಲವು ಇಟ್ಟಿಗೆ ಕೆಂಪು, ಒಂದು ಅಚ್ಚ ಹಳದಿ.

ಬೀಗದಣ್ಣ ಗೇಟಿನ ಹತ್ತಿರ ತನ್ನ ಮಂಚವನ್ನು ಕೈಗಾಡಿಗೆ ಕಟ್ಟುತ್ತಿದ್ದ.

"ನೀವು ಬರೀಲಿಲ್ವಾ ಮೇಡಂ?"

"ಬರೆದಿದ್ದೆ."

"ಬರೆದೂ ಹಿಂಗಾಯ್ತಾ?" ಅವನು ಹಗ್ಗದ ಗಂಟು ಬಿಗಿದು ಅವಳನ್ನು ನೋಡಿದ. "ಹಂಗಾದ್ರೆ ಇನ್ನೇನೋ ಕೂಡ ಬರೆದಿರಬೇಕು."

ಅವಳು ನೇರ ನಾಲ್ಕನೇ ಮಹಡಿಗೆ ಹೋದಳು. ಫೋನಿನಲ್ಲಿದ್ದ ತಮ್ಮ ಕೈಸನ್ನೆಯಲ್ಲೇ ಕೂರು ಎಂದ. ಅವಳು ಕೂರಲಿಲ್ಲ.

"ಅಗೆಯಲ್ಲ ಅಂದಿದ್ದೆ."

"ಎಂಜಿನಿಯರುಗಳು ನೀರಿನ ಒತ್ತಡ ಬರಲ್ಲ ಅಂದ್ರು ಅಕ್ಕ. ನಾನೇನ್ ಮಾಡ್ಲಿ? ಮೇಲೆ ಮಣ್ಣು ಮುಚ್ಚಿಬಿಡ್ತೀವಿ, ಯಾರಿಗೂ ಕಾಣಲ್ಲ."

"ಕಾಣೋದಲ್ಲ ಪ್ರಶ್ನೆ. ಈಗಲೇ ಕೆಲಸ ನಿಲ್ಲಿಸು."

"ಉದ್ಘಾಟನೆಗೆ ಇನ್ನು ಏಳು ವಾರ ಇದೆ. ನಿಲ್ಲಿಸು ಅಂತ ಯಾರಿಗೆ ಹೇಳ್ಲಿ? ನೀನು ಕೆಳಗೆ ಹೋಗು, ಆಮೇಲೆ ಮಾತಾಡೋಣ."

ಅವಳು ಕೆಳಗೆ ಹೋದಳು. ಆಗ ಪತ್ರಿಕೆಗೆ ಹೇಳಬಹುದಿತ್ತು, ಹಿಂದಿನ ಓಣಿಗೆ ಹೋಗಿ ಮನೆಮನೆಗೂ ತಿಳಿಸಬಹುದಿತ್ತು. ಬೀರುವಿನಿಂದ ಅರವತ್ತೊಂದು ಪುಟದ ಪ್ರತಿ ತೆಗೆದು ಮೇಜಿನ ಮೇಲೆ ಇಟ್ಟುಕೊಂಡು ಸಂಜೆಯವರೆಗೂ ಕೂತಳು. ಮತ್ತೆ ಒಳಗಿಟ್ಟಳು. ಆ ಏಳು ವಾರದಲ್ಲಿ ಹೀಗೆ ತೆಗೆದು ಇಟ್ಟದ್ದು ಎಷ್ಟು ಸಲವೋ.

ಉದ್ಯಾನ ಹೇಳಿದ ದಿನಕ್ಕೇ ತೆರೆಯಿತು. ಮೊದಲ ತಿಂಗಳು ಜನಜಾತ್ರೆ. ಎರಡನೇ ತಿಂಗಳು ಹುಲ್ಲುಹಾಸು ತೇಪೆ ತೇಪೆಯಾಗಿ ಹಳದಿಯಾಯಿತು. ಅಕಾಲದ ಮಳೆ ಬಂದು ಜೋಕಾಲಿಗಳ ಕೆಳಗೆ ನೀರು ನಿಂತಿತು. ಆ ನೀರಿಗೆ ತೆಳು ನೀಲಿ ಬಣ್ಣವಿತ್ತು. ಮಕ್ಕಳಿಗೆ ಅದೇ ಆಟ. ಕೈ ಅದ್ದಿ ಒಬ್ಬರ ಬೆನ್ನಿಗೊಬ್ಬರು ಮುದ್ರೆ ಒತ್ತುತ್ತಿದ್ದರು. ಎರಡು ವಾರದೊಳಗೆ ಹಿಂದಿನ ಓಣಿಯ ಮಕ್ಕಳ ಕೈಕಾಲುಗಳಲ್ಲಿ ಗುಳ್ಳೆಗಳೆದ್ದು ಒಡೆದವು. ಹನ್ನೊಂದು ಮಕ್ಕಳನ್ನು ಆಸ್ಪತ್ರೆಗೆ ಸೇರಿಸಿದರು. ಉದ್ಯಾನಕ್ಕೆ ತಗಡಿನ ಗೋಡೆ ಬಂತು, ಇಲಾಖೆಗೆ ವಿಚಾರಣೆ ಬಂತು.

ವಿಚಾರಣೆಯ ಹಿಂದಿನ ಸಂಜೆ ತಮ್ಮ ಅವಳ ಮನೆಗೆ ಬಂದ. ವರ್ಷಗಳ ಮೇಲೆ ಬಂದಿದ್ದ. ಚಪ್ಪಲಿ ಬಿಟ್ಟು ಅಡುಗೆ ಮನೆಯ ಹೊಸ್ತಿಲ ಮೇಲೆ ಕೂತ, ಚಿಕ್ಕವನಾಗಿದ್ದಾಗ ಕೂರುತ್ತಿದ್ದ ಹಾಗೆ.

"ಅಕ್ಕ, ಪೂರ್ತಿ ವರದಿ ಕಡತದಲ್ಲಿ ಇಲ್ಲ."

"ಇರುತ್ತೆ ಅಂದಿದ್ದೆ."

"ಇಲ್ಲ. ಈಗ ಇರೋದು ನಿನ್ನ ಹತ್ರ ಇರೋ ಪ್ರತಿ ಒಂದೇ. ಅದು ಹೊರಗೆ ಬಂದ್ರೆ ನನಗೆ ಮೊದಲೇ ಗೊತ್ತಿತ್ತು ಅಂತಾಗುತ್ತೆ. ಮಣ್ಣಿನ ಪರೀಕ್ಷೆ ನಿನ್ನ ಕೆಲಸ ಆಗಿರಲಿಲ್ಲ, ಗಿಡ ಎಣಿಸೋದಷ್ಟೇ ಅಂತ ಹೇಳು. ನಿವೃತ್ತಿ ಹತ್ರ ಇದೆ, ನಿನ್ನ ಯಾರೂ ಏನೂ ಮಾಡಲ್ಲ. ನನಗೆ ಇನ್ನೂ ಹನ್ನೆರಡು ವರ್ಷ ಇದೆ."

"ಮಕ್ಕಳನ್ನ ನೋಡೋಕೆ ಹೋಗಿದ್ಯಾ?"

"ವಕೀಲರು ಬೇಡ ಅಂದ್ರು."

ಅವಳು ಒಲೆ ಆರಿಸಿದಳು. "ಚಹಾ ಕುಡಿದು ಹೋಗು," ಅಂದಳು. ಅವನು ಅದನ್ನು ಒಪ್ಪಿಗೆ ಎಂದುಕೊಂಡ. ಹೋಗುವಾಗ ಬಾಗಿ ಅವಳ ಕೈ ಒತ್ತಿದ.

ಮರುದಿನ ವಿಚಾರಣೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಹೊಲಿಗೆಯವಳು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಗುವಿನ ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಕಳೆ ಮೇಡಂಳನ್ನು ಅವಳು ಕೂಡಲೇ ಗುರುತಿಸಿದಳು.

"ನಾನು ಕೇಳಿದ್ದು ಮಣ್ಣಿನ ವಿಷಯ. ನೀವು ಮೇಲಿನದ್ದು ಹೇಳಿದ್ರಿ. ಕೆಳಗಿಂದು ಗೊತ್ತಿತ್ತಾ?"

"ಗೊತ್ತಿತ್ತು."

ಹೊಲಿಗೆಯವಳು ಮಗಳನ್ನು ಎತ್ತಿಕೊಂಡು ಬೆಂಚಿನ ಇನ್ನೊಂದು ತುದಿಗೆ ಹೋಗಿ, ಬೆನ್ನು ತಿರುಗಿಸಿ ಕೂತಳು.

ಒಳಗೆ ಹೋದ ಕಳೆ ಮೇಡಂ ಚೀಲದಿಂದ ಅರವತ್ತೊಂದು ಪುಟ ತೆಗೆದು ಮೇಜಿನ ಮೇಲಿಟ್ಟಳು. ಎದುರಿನ ಸಾಲಿನಲ್ಲಿದ್ದ ತಮ್ಮ ಅದನ್ನು ನೋಡಿ ಕಣ್ಣು ಕೆಳಗೆ ಮಾಡಿದ. ವಿಚಾರಣಾಧಿಕಾರಿ ಪುಟ ತಿರುವುತ್ತ ನಲವತ್ತಮೂರರಲ್ಲಿ ನಿಂತರು.

"ಇದು ನೀವೇ ಬರೆದದ್ದಾ?"

"ಹೌದು."

"ಈ ಎರಡು ಪುಟದ ಸಾರಾಂಶದ ಮೇಲಿರೋ ಸಹಿ?"

"ಅದೂ ನನ್ನದೇ."

"ಇಷ್ಟೆಲ್ಲ ಗೊತ್ತಿದ್ದೂ ಸಹಿ ಯಾಕೆ ಹಾಕಿದ್ರಿ?"

"ಅವನು ನನ್ನ ತಮ್ಮ," ಅಂದಳು.

ವಿಚಾರಣಾಧಿಕಾರಿ ಬರೆದುಕೊಳ್ಳುತ್ತಿದ್ದ ಗುಮಾಸ್ತನಿಗೆ ಕೈಯಲ್ಲೇ ನಿಲ್ಲಿಸು ಎಂದರು. ಆಮೇಲೆ ಕಡತದಲ್ಲಿ ಸೇರಿದ್ದು ಒಂದೇ ಸಾಲು: ಸಮಾಧಾನಕರ ವಿವರಣೆ ನೀಡಲಿಲ್ಲ.

ತೀರ್ಪು ನಾಲ್ಕು ತಿಂಗಳ ಮೇಲೆ ಬಂತು. ಅಪಾಯ ತಿಳಿದಿದ್ದೂ ತಪ್ಪು ತಿಳಿವಳಿಕೆ ಮೂಡಿಸಿದ್ದಕ್ಕಾಗಿ ಸಸ್ಯ ತಜ್ಞೆಯನ್ನು ಕೆಲಸದಿಂದ ತೆಗೆಯಲಾಯಿತು. ಪೂರ್ಣ ವರದಿ ತನ್ನ ಕಣ್ಣಿಗೆ ಬಿದ್ದಿರಲಿಲ್ಲವೆಂದು ವಾದಿಸಿದ ಮುಖ್ಯ ವಿನ್ಯಾಸಕಾರರಿಗೆ ಎಚ್ಚರಿಕೆ ಕೊಟ್ಟು, ಅದೇ ದರ್ಜೆಯಲ್ಲಿ ಬೇರೆ ನಗರಕ್ಕೆ ವರ್ಗ ಮಾಡಲಾಯಿತು. ಅವಳು ನೆಲಮಾಳಿಗೆಗೆ ತನ್ನ ಸಾಮಾನು ತರಲು ಹೋದಾಗ ಬೀರುಗಳನ್ನು ಖಾಲಿ ಮಾಡಿಯಾಗಿತ್ತು. ಮೂವತ್ತು ವರ್ಷದ ಒಣ ಗಿಡಗಳನ್ನು ಹಳೆ ಪೇಪರಿನ ಜೊತೆ ತೂಕಕ್ಕೆ ಹಾಕಿದ್ದರು.

ಕಾರ್ಖಾನೆಯ ಅಂಗಳಕ್ಕೆ ಕಾಂಕ್ರೀಟು ಹಾಕಿ ವಾಹನ ನಿಲ್ದಾಣ ಮಾಡಿದರು. ಬೇಸಿಗೆಯಲ್ಲಿ ಅಲ್ಲಿ ಎಷ್ಟು ಕಾವೆಂದು ಅಳೆಯಲು ಅವಳು ಹೋಗಲಿಲ್ಲ. ಹಿಂದಿನ ಓಣಿಗೆ ಮಾತ್ರ ಎರಡು ಸಲ ಹೋದಳು. ಮೊದಲ ಸಲ ಹೊಲಿಗೆಯವಳು ಬಾಗಿಲು ತೆರೆಯಲಿಲ್ಲ. ಎರಡನೇ ಸಲ ಮನೆಯೇ ಖಾಲಿಯಾಗಿತ್ತು. ಊರು ಬಿಟ್ಟರೆಂದು ಪಕ್ಕದವರು ಹೇಳಿದರು, ಯಾವ ಕಡೆಗೆಂದು ಅವರಿಗೂ ಗೊತ್ತಿರಲಿಲ್ಲ.

ಒಂದೂವರೆ ವರ್ಷ ಅಕ್ಕ ತಮ್ಮಂದಿರ ನಡುವೆ ಮಾತಿರಲಿಲ್ಲ. ಒಂದು ಮಧ್ಯಾಹ್ನ ಫೋನು ಬಂತು.

"ಅಕ್ಕ, ಚೆನ್ನಾಗಿದ್ದೀಯಾ?"

"ಇದ್ದೀನಿ."

"ಇಲ್ಲೊಂದು ಹಳೆ ರೈಲು ಯಾರ್ಡ್ ಇದೆ. ತಾನೇ ತಾನಾಗಿ ಬೆಳೆದದ್ದನ್ನ ಹಾಗೇ ಉಳಿಸಿ ಪಾರ್ಕ್ ಮಾಡಬೇಕಂತೆ. ಈಗ ಎಲ್ಲ ಕಡೆ ಅದೇ ನಡೀತಿದೆ. ನಿನ್ನ ವರದಿ ನೆನಪಾಯ್ತು. ಅದರಲ್ಲಿ ದಾರಿ ಹೇಗೆ ಬಿಡಬೇಕು, ಯಾವ ಗಿಡದ ಮರೆಯಲ್ಲಿ ಯಾವುದು ಬರುತ್ತೆ ಅಂತೆಲ್ಲ ಬರೆದಿದ್ದೆ. ವಿಚಾರಣೆಗೆ ಕೊಡೋ ಮೊದಲು ನೀನು ನಕಲು ಮಾಡಿಟ್ಟಿರ್ತೀಯ, ಒಂದು ಪ್ರತಿ ಕಳಿಸ್ತೀಯಾ? ನಿನ್ನ ಹೆಸರು ಹಾಕೋಕಾಗಲ್ಲ, ನಿನಗೇ ಗೊತ್ತಲ್ಲ."

ಹಾಗಾದರೆ ಅವನು ಓದಿದ್ದ. ಕೋಷ್ಟಕ ಮಾತ್ರವಲ್ಲ, ಪೂರ್ತಿ ಓದಿದ್ದ. ಇಷ್ಟು ದಿನ ಅವಳು ಅವನಿಗೆ ಬಿಟ್ಟುಕೊಟ್ಟಿದ್ದ ಒಂದೇ ಒಂದು ವಿನಾಯಿತಿ, ಬಹುಶಃ ನಲವತ್ತಮೂರನೇ ಪುಟ ಅವನು ತಿರುವಿಯೇ ಇರಲಿಲ್ಲವೇನೋ ಎಂಬುದು, ಆಗ ಹೋಯಿತು.

"ಕೊಡಲ್ಲ," ಅಂದಳು.

ಅವನು ಫೋನು ಇಡಲಿಲ್ಲ. ಅವಳೂ ಫೋನು ಇಡಲಿಲ್ಲ.

"ಊಟ ಆಯ್ತಾ ಅಕ್ಕ?" ಎಂದು ಕೇಳಿದ ಕೊನೆಗೆ.

ಆಗಿರಲಿಲ್ಲ. ಆಯಿತು ಎಂದು ಹೇಳಿ ಅವಳು ಫೋನು ಇಟ್ಟಳು.